ಲೆಟರ್‌ಕೆನ್ನಿಗೆ ಹೊರಟ ಗ್ರೈಂಡರ್

ಸ್ವೋರ್ಡ್ಸ್

ಐರ್ಲೆಂಡಿಗೆ ಹೋಗಿ ಬಂದವಳೆಂದು ಗೊತ್ತಾದರೆ ಸಾಕು, ಜನ ಸಮುದ್ರದಂಚಿನ ಬಂಡೆಗಳ ಬಗ್ಗೆ, ಹಳೆಯ ಕೋಟೆಗಳ ಬಗ್ಗೆ ಕೇಳಲು ಶುರುಮಾಡುತ್ತಾರೆ. ನಾನು ಅವೆರಡನ್ನೂ ನೋಡಲಿಲ್ಲ. ನಾನು ನೋಡಿದ್ದು ಸ್ವೋರ್ಡ್ಸ್ ಎಂಬ ಊರಿನಲ್ಲಿ ಮಗಳ ಮನೆಯ ಹಿತ್ತಿಲು, ಲಾಂಗ್‌ಫರ್ಡ್ ಹತ್ತಿರದ ಒಂದು ಹುಲ್ಲುಗಾವಲು ಮತ್ತು ಲೆಟರ್‌ಕೆನ್ನಿಯಲ್ಲಿ ಒಂದು ಕಿಟಕಿ. ಹೇಳಿಕೊಳ್ಳುವಂಥ ಪ್ರವಾಸವೇನಲ್ಲ. ಆದರೂ ಹೇಳದೆ ಇರಲಾರೆ.

ದೊಡ್ಡ ಮಗಳು ವೀಣಾ ಮತ್ತು ಅಳಿಯ ಪ್ರಸನ್ನ ಇಬ್ಬರೂ ಡಬ್ಲಿನ್ ವಿಮಾನ ನಿಲ್ದಾಣದ ಪಕ್ಕದ ಸ್ವೋರ್ಡ್ಸ್‌ನಲ್ಲಿದ್ದಾರೆ. ಚಿಕ್ಕವಳು ಸುಷ್ಮಾ ಅದೇ ದೇಶಕ್ಕೆ ಓದಲು ಹೋಗಿ, ಓದು ಮುಗಿಸಿ, ವಾಯವ್ಯ ಮೂಲೆಯ ಲೆಟರ್‌ಕೆನ್ನಿಯಲ್ಲಿ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕೆಲಸಕ್ಕೆ ಸೇರಿದ್ದಳು. ನಾನು ಇಬ್ಬರನ್ನೂ ನೋಡಲೆಂದು ಚಳಿಗಾಲದ ಕೊನೆಗೆ ಹೋಗಿ ಇಳಿದೆ. ಸುಷ್ಮಾಗೆ ರಜೆ ಸಿಗಲಿಲ್ಲ. ಯುಗಾದಿಗೆ ಬರುತ್ತೇನಮ್ಮ ಎಂದಳು. ಯುಗಾದಿಗೆ ಮೊದಲು ಕೊರೊನಾ ಬಂತು. ಮನೆಯಿಂದ ಎರಡು ಕಿಲೋಮೀಟರ್ ದಾಟಬಾರದೆಂದರು, ಆಮೇಲೆ ಐದು ಎಂದರು. ಒಂದೇ ದೇಶದಲ್ಲಿದ್ದುಕೊಂಡು ಮಗಳನ್ನು ಫೋನಿನಲ್ಲಿ ನೋಡುವುದಕ್ಕೆ ತುಮಕೂರಿನಿಂದ ಇಷ್ಟು ದೂರ ಬರಬೇಕಿತ್ತೇ ಎಂದು ನನಗೆ ದಿನಾ ಸಿಟ್ಟು ಬರುತ್ತಿತ್ತು.

ಬೇಸಿಗೆಯಲ್ಲಿ ಜಿಲ್ಲೆಯಿಂದ ಜಿಲ್ಲೆಗೆ ಓಡಾಡಬಹುದು ಎಂದು ಬಾಗಿಲು ತೆರೆದರು. ಅದೇ ಹೊತ್ತಿಗೆ ಭಾರತಕ್ಕೆ ಹೊರಡುವ ವಿಶೇಷ ವಿಮಾನದಲ್ಲಿ ನನಗೆ ಸೀಟೂ ಸಿಕ್ಕಿತು. ಹೊರಡುವ ಮೊದಲು ಉಳಿದದ್ದು ಒಂದೇ ವಾರಾಂತ್ಯ. ಸುಷ್ಮಾಗೆ ಶುಕ್ರವಾರ ಸಂಜೆಯಿಂದ ಭಾನುವಾರ ಬೆಳಗಿನವರೆಗೆ ರಜೆ. ಮತ್ತೆ ಯಾವಾಗ ಬರುತ್ತೇನೋ, ಬರುತ್ತೇನೋ ಇಲ್ಲವೋ, ಯಾರಿಗೆ ಗೊತ್ತಿತ್ತು?

ಉಳಿದುಕೊಳ್ಳುವುದೆಲ್ಲಿ ಎನ್ನುವುದೇ ತಲೆನೋವಾಯಿತು. ಸುಷ್ಮಾ ಇದ್ದದ್ದು ಆಸ್ಪತ್ರೆಯ ನಾಲ್ಕಾರು ಜನರ ಜೊತೆ ಹಂಚಿಕೊಂಡ ಮನೆ. ಅಲ್ಲಿ ಹೊರಗಿನವರಿಗೆ ಪ್ರವೇಶವಿಲ್ಲ. ಪರದೇಶಕ್ಕೆ ಹೋಗಲಾಗದ ಐರಿಷ್ ಜನ ಒಳನಾಡಿನ ಹೋಟೆಲುಗಳನ್ನೆಲ್ಲ ಹಿಡಿದುಬಿಟ್ಟಿದ್ದರು. ಆಗ ಪಕ್ಕದ ಮನೆಯ ಬ್ರೆಂಡನ್ ತನ್ನ ಕ್ಯಾರವಾನ್ ತೆಗೆದುಕೊಂಡು ಹೋಗಿ ಎಂದ. ಕ್ಯಾರವಾನ್ ಎಂದರೆ ಚಕ್ರದ ಮೇಲೆ ಕೂತ ಪುಟ್ಟ ಮನೆ. ಮಂಚ, ಒಲೆ, ಕಕ್ಕಸು ಎಲ್ಲ ಒಳಗೇ. ಕಾರಿನ ಹಿಂದೆ ಕೊಂಡಿ ಹಾಕಿ ಎಳೆದುಕೊಂಡು ಹೋಗುವುದು. ನನಗಂತೂ ನೋಡಿದ ತಕ್ಷಣ ಇಷ್ಟವಾಯಿತು. ಮೊಮ್ಮಗಳು ಇಂಚರಳನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಮಂಚದ ಮೇಲೆ ಕಾಲು ಚಾಚಿ, ಕಿಟಕಿಯಿಂದ ಊರು ನೋಡುತ್ತ ಹೋಗೋಣ ಎಂದುಕೊಂಡೆ.

ಬ್ರೆಂಡನ್ ಬೇಲಿಯ ಆಚೆ ನಿಂತು ಪ್ರಸನ್ನನಿಗೆ ಪಾಠ ಮಾಡಿದ. ಓಡುವ ಕ್ಯಾರವಾನಿನೊಳಗೆ ಒಬ್ಬರೂ ಕೂರುವಂತಿಲ್ಲ. ಅಲ್ಲಿಗೆ ನನ್ನ ಮಂಚ ಹೋಯಿತು. ಗಂಟೆಗೆ ಎಂಬತ್ತು ಕಿಲೋಮೀಟರ್ ಮೀರುವಂತಿಲ್ಲ. ಮೋಟರ್‌ವೇಯಲ್ಲಿ ಬಲತುದಿಯ ಸಾಲಿಗೆ ಹೋಗುವಂತಿಲ್ಲ. ಕನ್ನಡಿಗಳು ಉದ್ದ ಇರಬೇಕು. ಹಿಂದಿನ ದೀಪ, ನಂಬರ್ ಕಾಣಿಸಲೇಬೇಕು. ಲಾಕ್‌ಡೌನಿನಲ್ಲಿ ಹುಚ್ಚು ಹಿಡಿದು ಕೊಂಡ ಸೈಕಲ್ಲುಗಳನ್ನೂ ಒಂದು ರಬ್ಬರ್ ದೋಣಿಯನ್ನೂ ಸಣ್ಣ ಟ್ರೇಲರಿಗೆ ಹಾಕಿ ಕ್ಯಾರವಾನಿನ ಹಿಂದೆ ಕಟ್ಟಬೇಕೆಂದು ಪ್ರಸನ್ನನಿಗೆ ಆಸೆಯಿತ್ತು. ಬ್ರೆಂಡನ್ ಕೈಯನ್ನೇ ಅಡ್ಡ ಆಡಿಸಿದ.

"ಒಂದು ಕಾರಿಗೆ ಒಂದೇ ಬಾಲ ಅತ್ತೆ. ಎರಡು ಕಟ್ಟಿದ್ರೆ ಪೊಲೀಸ್ ಹಿಡೀತಾರಂತೆ," ಎಂದು ಪ್ರಸನ್ನ ಪೆಚ್ಚುಮೋರೆ ಹಾಕಿಕೊಂಡು ಬಂದ.

ನಮ್ಮೂರಲ್ಲಿ ಕಬ್ಬಿನ ಟ್ರ್ಯಾಕ್ಟರಿಗೆ ಎರಡೆರಡು ಟ್ರೇಲರ್ ಕಟ್ಟಿ, ಅದರ ಮೇಲೆ ಮನೆಯೆತ್ತರ ಕಬ್ಬು ಹೇರಿ, ಕಬ್ಬಿನ ಮೇಲೆ ಜನ ಹಾಡು ಹಾಕಿಕೊಂಡು ಮಲಗಿರುತ್ತಾರೆ. ಅದನ್ನು ಹೇಳಿದರೆ ಬ್ರೆಂಡನ್ ನಂಬುತ್ತಿರಲಿಲ್ಲ.

ದೋಣಿ ಮನೆಯಲ್ಲೇ ಉಳಿಯಿತು. ಸೈಕಲ್ಲುಗಳನ್ನು ಕ್ಯಾರವಾನಿನ ಬೆನ್ನಿಗೆ ತೂಗುಹಾಕಿದರು. ಶುಕ್ರವಾರ ಮಧ್ಯಾಹ್ನದವರೆಗೆ ಪ್ರಸನ್ನನಿಗೆ ಮಹಡಿಯ ಕೋಣೆಯಲ್ಲಿ ಮೀಟಿಂಗ್. "ಲೋಡಿಂಗ್ ನೀವೇ ನೋಡ್ಕೊಳ್ಳಿ ಅತ್ತೆ, ನಿಮಗಿಂತ ಎಕ್ಸ್‌ಪರ್ಟ್ ಯಾರಿದಾರೆ," ಎಂದು ಹೇಳಿ ಹೋದ.

ಮಾತು ಸುಳ್ಳಲ್ಲ. ತುಮಕೂರಿನಲ್ಲಿ ನಮ್ಮದು ಶಾಮಿಯಾನ, ಪಾತ್ರೆ ಬಾಡಿಗೆಗೆ ಕೊಡುವ ಅಂಗಡಿ. ಯಜಮಾನರು ಹೋದ ಮೇಲೆ ನಾನೇ ನಡೆಸುತ್ತಿದ್ದೇನೆ. ಮದುವೆಗೆ ಟೆಂಪೊ ತುಂಬಿಸುವುದರಲ್ಲಿ ನಮ್ಮದೊಂದು ಕ್ರಮವಿದೆ. ಮೊದಲು ಇಳಿಯಬೇಕಾದದ್ದು ಕೊನೆಗೆ ಏರಬೇಕು. ಅಡುಗೆಭಟ್ಟರು ಕಾದಿರುತ್ತಾರೆ, ಆದ್ದರಿಂದ ಒಲೆ, ಕೊಪ್ಪರಿಗೆ, ಭಾರದ ಸಾಮಾನೆಲ್ಲ ಬಾಗಿಲಿಗೆ ಅಂಟಿಕೊಂಡು ಹಿಂದುಗಡೆ ಇರಬೇಕು. ಕುರ್ಚಿ, ಬಟ್ಟೆಯ ಪರದೆ ಮುಂದೆ. ಕ್ಯಾರವಾನಿನ ಬಾಗಿಲೂ ಹಿಂಭಾಗದ ಮಗ್ಗುಲಲ್ಲಿತ್ತು. ನಾನು ಹಾಸಿಗೆ ಬಟ್ಟೆಗಳನ್ನು ಮುಂದಕ್ಕೆ ತಳ್ಳಿ, ಅಕ್ಕಿ ಮೂಟೆ, ಕುಕ್ಕರು, ಉಪ್ಪಿನಕಾಯಿ ಭರಣಿ, ಹುಳಿಪುಡಿ ಡಬ್ಬಿಗಳು, ದಾರಿಯಲ್ಲಿ ಎಂಥ ನೀರೋ ಎಂದು ತುಂಬಿಸಿದ ನೀರಿನ ಕ್ಯಾನುಗಳನ್ನು ಹಿಂದಿಟ್ಟು, ಎಲ್ಲಕ್ಕಿಂತ ಕೊನೆಗೆ, ಬಾಗಿಲ ಹತ್ತಿರ, ಸುಷ್ಮಾಗೆಂದು ತೆಗೆಸಿದ ಕಲ್ಲಿನ ಗ್ರೈಂಡರ್ ಇಟ್ಟೆ. ಇಡ್ಲಿ ತಿಂದು ವರ್ಷಗಳಾದವು ಎಂದಿದ್ದಳು ಹುಡುಗಿ. ಹೋದ ತಕ್ಷಣ ಮೊದಲು ಅದನ್ನೇ ಇಳಿಸಿ ಕೊಡಬೇಕು ಎಂದಿತ್ತು.

ಲಾಂಗ್‌ಫರ್ಡ್ ದಾರಿ

ಲೆಟರ್‌ಕೆನ್ನಿಗೆ ಹತ್ತಿರದ ದಾರಿ ಉತ್ತರ ಐರ್ಲೆಂಡಿನೊಳಗೆ ಹಾದುಹೋಗುತ್ತದೆ. ಅದು ಬ್ರಿಟಿಷರದ್ದು. ನನ್ನ ವೀಸಾ ಅಲ್ಲಿ ನಡೆಯುವುದಿಲ್ಲ. ಗಡಿಯಲ್ಲಿ ಗೇಟಿಲ್ಲ, ಕೇಳುವವರಿಲ್ಲ ಎಂದು ಸ್ನೇಹಿತರು ಹೇಳಿದರೂ ಪ್ರಸನ್ನ ಒಪ್ಪಲಿಲ್ಲ. ಹೀಗಾಗಿ ಪಶ್ಚಿಮಕ್ಕೆ ಲಾಂಗ್‌ಫರ್ಡ್, ಸ್ಲೈಗೊ ಸುತ್ತಿಕೊಂಡು ಹೊರಟೆವು.

ಎಂಬತ್ತರಲ್ಲಿ ಹೋಗುವುದೆಂದರೆ ದೇಶದವರೆಲ್ಲ ನಮ್ಮನ್ನು ದಾಟಿ ಹೋಗುವುದನ್ನು ನೋಡುವುದು. ಹಾರ್ನ್ ಮಾತ್ರ ಒಬ್ಬರೂ ಹೊಡೆಯಲಿಲ್ಲ. ಮೋಟರ್‌ವೇಯಲ್ಲಿ ದೊಡ್ಡದೊಂದು ಲಾರಿ ಪಕ್ಕದಲ್ಲಿ ಹೋದಾಗ ನಮ್ಮ ಹಿಂದಿನ ಮನೆ ಸ್ವಲ್ಪ ಸೊಂಟ ಕುಣಿಸಿತು. "ಗಾಳಿ," ಎಂದ ಪ್ರಸನ್ನ. ಇನ್ನೊಂದು ಲಾರಿಗೆ ಇನ್ನೂ ಸ್ವಲ್ಪ ಕುಣಿಯಿತು. ಆಗಲೂ ಗಾಳಿ ಎಂದ.

ಮೋಟರ್‌ವೇ ಮುಗಿದು, ಲಾಂಗ್‌ಫರ್ಡಿಗೆ ಮೊದಲು ಒಂದು ಉದ್ದದ ಇಳಿಜಾರು. ಅಲ್ಲಿ ಅದು ನಿಜವಾಗಿ ಶುರುವಾಯಿತು. ಕ್ಯಾರವಾನ್ ಎಡಕ್ಕೆ ಎಳೆಯಿತು, ಬಲಕ್ಕೆ ಎಳೆಯಿತು, ಮತ್ತೆ ಎಡಕ್ಕೆ. ಒಂದೊಂದು ಸಲಕ್ಕೂ ಜಾಸ್ತಿ. ನಮ್ಮ ಕಾರಿನ ಹಿಂಭಾಗವನ್ನೇ ಹಿಡಿದು ಅಲ್ಲಾಡಿಸುತ್ತಿತ್ತು. ವೀಣಾ ಕಿರುಚಿದಳು. ಹಿಂದಿನಿಂದ ಏನೋ ಕಳಚಿ ರಸ್ತೆಗೆ ತಾಗಿ ಗರಗರ ಎನ್ನುವ ಸದ್ದು. ನಾನು ಇಂಚರಳ ತಲೆಯನ್ನು ಎದೆಗೆ ಒತ್ತಿಕೊಂಡು ಕಣ್ಣು ಮುಚ್ಚಿದೆ. ದೇವರ ಹೆಸರು ಕೂಡ ಬಾಯಿಗೆ ಬರಲಿಲ್ಲ.

ಪ್ರಸನ್ನನಿಗೆ ಬ್ರೆಂಡನ್ ಹೇಳಿದ ಒಂದು ಮಾತು ನೆನಪಿತ್ತು. ಬ್ರೇಕ್ ತುಳಿಯಬೇಡ, ಸ್ಟೀರಿಂಗ್ ತಿರುಗಿಸಿ ಸರಿಮಾಡಲು ಹೋಗಬೇಡ, ಕಾಲು ತೆಗೆದು ನೆಟ್ಟಗೆ ಹಿಡಿದುಕೋ. ಹಾಗೇ ಮಾಡಿದ. ನಿಧಾನಕ್ಕೆ ಕುಣಿತ ಇಳಿಯಿತು. ಹಳ್ಳಿಯ ರಸ್ತೆಯೊಂದಕ್ಕೆ ತಿರುಗಿಸಿ, ಹೊಲದ ಗೇಟಿನ ಮುಂದೆ ನಿಲ್ಲಿಸಿದ. ಸೈಕಲ್ಲಿನ ಪಟ್ಟಿಯೊಂದು ಬಿಚ್ಚಿ, ಸೈಕಲ್ ಜೋತುಬಿದ್ದು, ಹಿಂದಿನ ದೀಪದ ವೈರನ್ನೇ ಕಿತ್ತುಹಾಕಿತ್ತು.

ಆಗ ಟ್ರ್ಯಾಕ್ಟರಿನಲ್ಲಿ ಬಂದವಳು ನೋರಾ, ಆ ಹೊಲದ ಒಡತಿ. ನನ್ನ ವಯಸ್ಸಿನವಳು. ಗೇಟಿಗೆ ಅಡ್ಡ ನಿಲ್ಲಿಸಿದ್ದೀರಿ ಎಂದು ಬೈಯುತ್ತಾಳೆ ಎಂದುಕೊಂಡರೆ, ಮೊದಲು ಹವಾಮಾನದ ವಿಷಯ ಮಾತಾಡಿದಳು. ಆ ದೇಶದಲ್ಲಿ ಮನೆಗೆ ಬೆಂಕಿ ಬಿದ್ದರೂ ಮೊದಲು ಇವತ್ತು ಮಳೆ ಬರಲಿಲ್ಲ ಅಲ್ಲವೇ ಎಂದು ಹೇಳಿಯೇ ಮುಂದಿನ ಮಾತು. ಆಮೇಲೆ ಗೇಟು ತೆಗೆದು ಒಳಗೆ ಹುಲ್ಲಿನ ಮೇಲೆ ನಿಲ್ಲಿಸಿ ಎಂದಳು. ಪ್ರಸನ್ನ ಬ್ರೆಂಡನ್‌ಗೆ ಫೋನ್ ಮಾಡಿದ. ಸ್ಪೀಕರಿನಲ್ಲಿ ಬ್ರೆಂಡನ್ ಕೇಳಿದ ಮೊದಲ ಪ್ರಶ್ನೆ, ಭಾರ ಎಲ್ಲಿಟ್ಟಿದ್ದೀರಿ?

ಎಲ್ಲರೂ ನನ್ನನ್ನು ನೋಡಿದರು.

ಭಾರ ಚಕ್ರದ ಮೇಲೆ, ನೆಲಕ್ಕೆ ಹತ್ತಿರ ಇರಬೇಕಂತೆ. ಹಿಂದೆ ಇಟ್ಟರೆ ಮೂಗು ಮೇಲೆದ್ದು ಬಾಲ ಆಡುತ್ತದಂತೆ. ಟೆಂಪೊದಲ್ಲಿ ಇಂಜಿನ್ನು, ಗಾಡಿ ಎಲ್ಲ ಒಂದೇ ಒಡಲು. ಇಲ್ಲಿ ಎರಡು ಒಡಲು, ನಡುವೆ ಮುಷ್ಟಿ ಗಾತ್ರದ ಒಂದು ಕೊಂಡಿ. ಇಷ್ಟು ವರ್ಷ ಸರಿಯಾಗಿದ್ದ ನಮ್ಮ ಅಂಗಡಿಯ ಕ್ರಮ ಇಲ್ಲಿ ನಾಲ್ಕು ಜೀವ ತೆಗೆಯುವುದರಲ್ಲಿತ್ತು.

"ಅದಕ್ಕೇ ಹೇಳಿದ್ದು ಇಷ್ಟೊಂದು ಬೇಡಮ್ಮ ಅಂತ," ವೀಣಾ ಅಳುತ್ತಲೇ ರೇಗಿದಳು. "ನೀರಿನ ಕ್ಯಾನ್ ಯಾರಾದ್ರೂ ತರ್ತಾರಾ? ಈ ದೇಶದಲ್ಲಿ ನೀರಿಗೆ ಬರವಾ?"

"ನಿಮ್ಮ ಸೈಕಲ್ಲು ಎಲ್ಲಿತ್ತಮ್ಮ? ಅದೂ ಹಿಂದೇನೆ ಇತ್ತಲ್ಲ," ಎಂದೆ. ಬಿಟ್ಟುಕೊಡುವ ಜಾತಿಯಲ್ಲ ನಾನು.

ಇಂಚರ ನನ್ನ ಕೈ ಹಿಡಿದು, "ಅಜ್ಜಿ, ಯು ಆರ್ ಗ್ರ್ಯಾಂಡ್," ಎಂದಳು. ಅಲ್ಲಿ ಹುಟ್ಟಿದ ಮಗು, ಕನ್ನಡ ಎಲ್ಲ ತಿಳಿಯುತ್ತದೆ, ಉತ್ತರ ಮಾತ್ರ ಐರಿಷ್ ರಾಗದ ಇಂಗ್ಲಿಷಿನಲ್ಲಿ. ನೀನು ಚೆನ್ನಾಗಿಯೇ ಇದ್ದೀಯ, ಏನೂ ಆಗಿಲ್ಲ ಎಂದರ್ಥ. ಆ ಜನ ಕಾಲು ಮುರಿದುಕೊಂಡರೂ ಗ್ರ್ಯಾಂಡ್ ಎನ್ನುತ್ತಾರೆ.

ಸಾಮಾನನ್ನೆಲ್ಲ ಹುಲ್ಲಿನ ಮೇಲೆ ಇಳಿಸಿದೆವು. ನೋರಾ ಟೀ, ಕಂದು ಬ್ರೆಡ್ಡು, ಬೆಣ್ಣೆ ತಂದು ಕಲ್ಲಿನ ಗೋಡೆಯ ಮೇಲಿಟ್ಟು, ದೂರ ಸರಿದು ನಿಂತಳು. ಆ ಕಾಲದ ಆತಿಥ್ಯ ಹಾಗಿತ್ತು. ನಾನೂ ಒಂದು ಡಬ್ಬಿ ಕೋಡುಬಳೆ ಅದೇ ಗೋಡೆಯ ಮೇಲಿಟ್ಟು ಹಿಂದೆ ಸರಿದೆ. ಆಮೇಲೆ ಮತ್ತೆ ತುಂಬಿಸಿದೆವು. ಗ್ರೈಂಡರನ್ನು ಚಕ್ರದ ನೇರಕ್ಕೆ ನೆಲದ ಮೇಲೆ ಇಟ್ಟು, ಉರುಳದ ಹಾಗೆ ಸುತ್ತ ಅಕ್ಕಿ, ಡಬ್ಬಿಗಳನ್ನು ಒತ್ತರಿಸಿ, ಮೇಲೆ ಬಟ್ಟೆ ಗಂಟು, ಹಾಸಿಗೆ ಹೇರಿದೆವು. ಮೊದಲು ಇಳಿಯಬೇಕಾದದ್ದು ಎಲ್ಲದರ ಅಡಿಗೆ ಹೋಯಿತು. ನನಗೆ ಕೈ ಬರಲಿಲ್ಲ, ಆದರೂ ಇಟ್ಟೆ.

ಉಳಿದದ್ದು ದೀಪ. ನೋರಾಳ ತಮ್ಮ ವೈರಿನ ಕೆಲಸ ಬಲ್ಲವನಂತೆ, ಬೆಳಿಗ್ಗೆ ಹಾಲು ಕರೆದು ಬರುತ್ತಾನಂತೆ. ಅಲ್ಲಿ ಬೇಸಿಗೆಯಲ್ಲಿ ರಾತ್ರಿ ಊಟವಾದ ಮೇಲೂ ಬೆಳಕಿರುತ್ತದೆ. ನಾನು ಹೇಳಿದೆ, "ಇಷ್ಟು ಬೆಳಕೈತಲ್ಲಪ್ಪ, ಯಾರು ಕೇಳ್ತಾರೆ? ನಮ್ಮಲ್ಲಿ ಲಾರಿ ಕೆಟ್ರೆ ಒಂದು ಸೊಪ್ಪಿನ ಕೊಂಬೆ ಸಿಕ್ಕಿಸ್ಕೊಂಡು ಊರು ಮುಟ್ಟಿಸ್ತಾರೆ. ಹಂಗೇ ಹೋಗಾಣ."

"ದೀಪ ಇಲ್ದೆ ರಸ್ತೆಗೆ ತೆಗೆಯೋ ಹಾಗಿಲ್ಲ ಅತ್ತೆ," ಎಂದ ಪ್ರಸನ್ನ. ಎಂದೂ ನನಗೆ ಎದುರಾಡದವನು. "ಪೊಲೀಸಿಗೋಸ್ಕರ ಅಲ್ಲ. ಇವತ್ತು ನಾನು ಮಗೂನ ಕೂರಿಸ್ಕೊಂಡು ಇನ್ನೊಂದು ರಿಸ್ಕ್ ತಗೊಳ್ಳಲ್ಲ."

ಸುಷ್ಮಾಗೆ ಫೋನ್ ಮಾಡಿದೆವು. ಸಾರು ಮಾಡಿ ಕಾಯುತ್ತಿದ್ದಳು. ವಿಷಯ ಕೇಳಿ ಗಾಬರಿಯಾದರೂ ತೋರಿಸಿಕೊಳ್ಳಲಿಲ್ಲ.

"ಆರಾಮಾಗಿ ಬೆಳಿಗ್ಗೆ ಬಾಮ್ಮಾ. ಒಂದು ರಾತ್ರಿ ತಾನೆ. ನಾನೆಲ್ಲಿಗೆ ಹೋಗ್ತೀನಿ?"

ನೋರಾಳ ಹುಲ್ಲುಗಾವಲು

ಕ್ಯಾರವಾನಿನಲ್ಲಿ ಒಳ್ಳೆಯ ನಿದ್ದೆ ಬಂತು. ಅದನ್ನು ನೆನೆದರೆ ಇವತ್ತಿಗೂ ನನ್ನ ಮೇಲೆ ನನಗೇ ಬೇಜಾರು.

ಬೆಳಿಗ್ಗೆ ನೋರಾಳ ತಮ್ಮ ಬಂದು ವೈರು ಜೋಡಿಸಿದ. ಎಡ, ಬಲ, ಬ್ರೇಕು, ಎಲ್ಲ ದೀಪ ಉರಿದವು. ಹೊರಡುವಾಗ ನೋರಾ ಗೋಡೆಯಾಚೆಯಿಂದ ಪ್ರಸನ್ನನ ಹತ್ತಿರ ಏನೋ ಕೇಳಿದಳು. ಅವನು ನಮ್ಮ ಕಡೆ ತಿರುಗಿದ.

"ಏನಂದ್ಳು?" ಎಂದೆ.

"ನಿನ್ನೆ ಕ್ಯಾರವಾನ್ ಇಲ್ಲೇ ಬಿಟ್ಟು, ಬರೀ ಕಾರಲ್ಲಿ ಯಾಕೆ ಹೋಗ್ಲಿಲ್ಲ ಅಂತ ಕೇಳ್ತಿದಾರೆ."

ವೀಣಾ ನನ್ನನ್ನು ನೋಡಿದಳು. ನಾನು ಅವಳನ್ನು ನೋಡಿದೆ. ಕೊಂಡಿ ಕಳಚಿದರೆ ಕಾರು ಬರೀ ಕಾರು. ಅದಕ್ಕೆ ಅದರದೇ ದೀಪವಿತ್ತು. ಎರಡೂವರೆ ಗಂಟೆಯ ದಾರಿ. ಸುಷ್ಮಾಳ ಜೊತೆ ಮನೆಯ ಹೊರಗೆ ಕೂತು ಊಟ ಮಾಡಿ, ಬೇಕಿದ್ದರೆ ಕಾರಿನಲ್ಲೇ ತೂಕಡಿಸಿ, ಬೆಳಿಗ್ಗೆ ಬಂದು ಕ್ಯಾರವಾನ್ ಕಟ್ಟಿಕೊಳ್ಳಬಹುದಿತ್ತು. ನಾವು ಮೂರು ಜನ ದೊಡ್ಡವರು, ಸಂಜೆಯೆಲ್ಲ ಅಲ್ಲೇ ನಿಂತು ಜಗಳ ಆಡಿದವರು, ಒಬ್ಬರಿಗೂ ಹೊಳೆಯಲಿಲ್ಲ. ಸಾಮಾನು ತಲುಪಿಸದೆ ಜನ ತಲುಪುವುದೆಂದರೆ ನಮ್ಮ ಅಂಗಡಿಯಲ್ಲಂತೂ ಅರ್ಥವೇ ಇಲ್ಲ. ಆ ಬುದ್ಧಿ ಬಹುಶಃ ನನ್ನಿಂದ ಎಲ್ಲರಿಗೂ ಅಂಟಿತ್ತು.

"ಹೋಗ್ಲಿ ಬಿಡಿ, ಇವತ್ತು ಇಡೀ ದಿನ ಇದೆಯಲ್ಲ," ಎಂದಳು ವೀಣಾ.

ಹೊರಟೆವು. ಕ್ಯಾರವಾನ್ ಗಟ್ಟಿಯಾಗಿ ನೆಲ ಹಿಡಿದು, ಹೇಳಿದ ಹಾಗೆ ಹಿಂದೆ ಬಂತು. ಲಾರಿಗಳು ಹೋದರೂ ಅಲುಗಲಿಲ್ಲ. ಎದುರು ಬರುವ ಡ್ರೈವರುಗಳು ಸ್ಟೀರಿಂಗಿನಿಂದ ಒಂದೇ ಬೆರಳು ಎತ್ತಿ ನಮಸ್ಕಾರ ಮಾಡುತ್ತಿದ್ದರು. ಪ್ರಸನ್ನನೂ ಬೆರಳು ಎತ್ತಲು ಕಲಿತ. ಸ್ಲೈಗೊ ದಾಟಿ, ಸಮುದ್ರ ಕಂಡು, ಡನಿಗಾಲ್ ಊರಿನ ಹತ್ತಿರ ಬಂದಾಗ ವೀಣಾಳ ಫೋನ್ ಬಡಿದುಕೊಂಡಿತು. ಅವಳು ಬರೀ "ಹೂಂ, ಹೂಂ" ಎಂದಳು. ಆಮೇಲೆ ಪ್ರಸನ್ನನಿಗೆ ಪಕ್ಕಕ್ಕೆ ನಿಲ್ಲಿಸಲು ಹೇಳಿದಳು.

ಸುಷ್ಮಾಳ ಲ್ಯಾಬಿನಲ್ಲಿ ಪಕ್ಕದ ಮೇಜಿನವಳಿಗೆ ಪಾಸಿಟಿವ್ ಬಂದಿತ್ತು. ಆ ಬೆಳಿಗ್ಗೆಯೇ ತಿಳಿದದ್ದು. ಸುಷ್ಮಾ ಕೋಣೆ ಬಿಟ್ಟು ಹೊರಗೆ ಬರುವಂತಿಲ್ಲ. ಟೆಸ್ಟಿನ ಫಲಿತಾಂಶ ಯಾವಾಗಲೋ.

"ವಾಪಸ್ ಹೋಗೋಣವಾ ಅಮ್ಮ?" ಎಂದಳು ವೀಣಾ.

"ಗ್ರೈಂಡರ್ ಕೊಡಬೇಕಲ್ಲ," ಎಂದೆ. ಆಗ ಬಾಯಿಗೆ ಬಂದದ್ದು ಅಷ್ಟೇ.

ಲೆಟರ್‌ಕೆನ್ನಿ

ಸುಷ್ಮಾಳ ಮನೆ ಏರುರಸ್ತೆಯ ಪಕ್ಕ, ಒಂದೇ ಥರದ ಮನೆಗಳ ಸಾಲಿನಲ್ಲಿತ್ತು. ಮಹಡಿಯ ಕಿಟಕಿಯಲ್ಲಿ ಅವಳು ನಿಂತಿದ್ದಳು. ಹಳದಿ ಚೂಡಿದಾರ್ ಹಾಕಿಕೊಂಡಿದ್ದಳು, ನಾವು ಬರುತ್ತೇವೆಂದು ಹಿಂದಿನ ಸಂಜೆಗೇ ತೆಗೆದಿಟ್ಟದ್ದಂತೆ. ಕೆನ್ನೆ ಇಳಿದಿತ್ತು. ಫೋನಿನಲ್ಲಿ ನೋಡುವಾಗ ಅದು ಗೊತ್ತಾಗಿರಲಿಲ್ಲ.

ಫೋನ್ ಕಿವಿಗಿಟ್ಟುಕೊಂಡು, "ಕೆಳಗೆ ಬಂದು ದೂರದಲ್ಲೇ ನಿಲ್ಲೇ, ನಾನು ಹತ್ರ ಬರಲ್ಲ," ಎಂದೆ.

"ಬರಲ್ಲಮ್ಮ. ಬಂದ್ರೆ ನೀನು ಹತ್ರ ಬಂದೇ ಬರ್ತೀಯ, ನಂಗೊತ್ತು. ನಿನಗೆ ಜ್ವರ ಬಂದ್ರೆ ಫ್ಲೈಟ್ ಹತ್ತಿಸಲ್ಲ."

"ಹಾಳಾಗೋಗ್ಲಿ ಫ್ಲೈಟು!"

"ಅಮ್ಮಾ," ಎಂದಳು. ಕಿಟಕಿಯ ಗಾಜಿಗೆ ಅಂಗೈ ಒತ್ತಿಕೊಂಡಿದ್ದಳು.

ಗ್ರೈಂಡರ್ ಬಾಗಿಲಲ್ಲಿಟ್ಟು ಹೊರಡೋಣ ಎಂದ ಪ್ರಸನ್ನ. ಇಲ್ಲಿ ನಿಂತಷ್ಟೂ ಎಲ್ಲರಿಗೂ ಸಂಕಟ, ಪಾಪ, ಅವನ ಮಾತೂ ಸರಿಯೇ. ಆದರೆ ಗ್ರೈಂಡರ್ ಎಲ್ಲದರ ಅಡಿಯಲ್ಲಿತ್ತು. ಅದನ್ನು ತೆಗೆಯಲು ಮೇಲಿನದೆಲ್ಲ ಇಳಿಯಬೇಕು. ನಾನು ಒಳಗೆ ಹೋಗಿ ಮೊದಲ ಹಾಸಿಗೆ ಎತ್ತಿಕೊಂಡು ಬಂದು ಫುಟ್‌ಪಾತಿನ ಮೇಲಿಟ್ಟೆ. ಆಮೇಲೆ ಬಟ್ಟೆ ಗಂಟು. ಪ್ರಸನ್ನ ಎರಡೆರಡು ಒಟ್ಟಿಗೆ ಎತ್ತಲು ಓಡಿ ಬಂದ. ವೀಣಾ ಅವನ ತೋಳು ಹಿಡಿದಳು.

"ಬಿಡ್ರೀ. ಅಮ್ಮನೇ ಇಳಿಸ್ಲಿ."

ಫೋನನ್ನು ಸ್ಪೀಕರಿಗೆ ಹಾಕಿ ವೀಣಾಳ ಕೈಗೆ ಕೊಟ್ಟು, ಒಂದೊಂದಾಗಿ ಇಳಿಸಿದೆ. ಇಳಿಸಿದ್ದನ್ನೆಲ್ಲ ಎತ್ತಿ ತೋರಿಸಿದೆ. ಇದು ಹುಳಿಪುಡಿ ಕಣೆ, ಇದು ಚಟ್ನಿಪುಡಿ, ನಿನಗೆ ಖಾರ ಕಮ್ಮಿ ಹಾಕೀನಿ. ಇದು ನಿಂಬೆಕಾಯಿ ಉಪ್ಪಿನಕಾಯಿ, ಒದ್ದೆ ಚಮಚ ಹಾಕಬೇಡ. ಅವಳು ಮೇಲಿನಿಂದ ನಕ್ಕಳು. "ಅಮ್ಮ, ನೀರಿನ ಕ್ಯಾನಾ? ಲೆಟರ್‌ಕೆನ್ನಿಗಾ?" ಎಂದಳು. ನಾನೂ ನಕ್ಕೆ. ಒಂದು ಕಾರು ಬಂದು ನಮ್ಮ ಹಿಂದೆ ನಿಂತಿತು. ಅದರೊಳಗಿನ ಮುದುಕ ಕಿಟಕಿಯನ್ನೂ ನೋಡಿದ, ನನ್ನನ್ನೂ ನೋಡಿದ. ಇಂಜಿನ್ ಆರಿಸಿ, ಪತ್ರಿಕೆ ತೆಗೆದು ಓದುತ್ತ ಕೂತ.

ಅಕ್ಕಿ ಮೂಟೆಯನ್ನು ಒಬ್ಬಳೇ ಎಳೆದೆ. ಇಂಚರ ಚಿಕ್ಕಮ್ಮನಿಗೆ ತೋರಿಸಲು ಹುಲ್ಲಿನಲ್ಲಿ ಒಂದು ಪಲ್ಟಿ ಹೊಡೆದಳು. ನನ್ನ ಅಂಗಡಿಯ ಆಳುಗಳು ಯಾರಾದರೂ ಅಷ್ಟು ನಿಧಾನ ಮಾಡಿದ್ದರೆ ಅವತ್ತೇ ಮನೆಗೆ ಕಳಿಸುತ್ತಿದ್ದೆ. ಕೊನೆಗೆ ಕೈಗೆ ಗ್ರೈಂಡರ್ ಸಿಕ್ಕಿತು. ಇಷ್ಟು ಬೇಗ ಸಿಕ್ಕಿಬಿಟ್ಟಿತಲ್ಲ ಎನ್ನಿಸಿತು.

ಪ್ರಸನ್ನ ಅದನ್ನು ಬಾಗಿಲಲ್ಲಿಟ್ಟ. ಡಬ್ಬಿಗಳನ್ನೂ ಅಕ್ಕಿಯನ್ನೂ ಪಕ್ಕದಲ್ಲಿ ಜೋಡಿಸಿದ. ಉಳಿದದ್ದನ್ನು ಒಳಗೆ ಹಾಕಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಕಾರು ಇಳಿಜಾರಿಗೆ ತಿರುಗುವಾಗ ನಾನು ಹಿಂದೆ ನೋಡಿದೆ. ಕ್ಯಾರವಾನ್ ಅಡ್ಡ ಬಂದು ಕಿಟಕಿ ಕಾಣಿಸಲಿಲ್ಲ.

ತುಮಕೂರು

ಬೆಂಗಳೂರಿಗೆ ಬಂದು ಹೋಟೆಲಿನ ಕ್ವಾರಂಟೀನಿನಲ್ಲಿ ಕೂತಿದ್ದಾಗ ಸುಷ್ಮಾ ಫೋನ್ ಮಾಡಿದಳು. ನೆಗೆಟಿವ್. ಅವಳಿಗೆ ಏನೂ ಆಗಿರಲಿಲ್ಲ. ನನ್ನ ಮಗು ಚೆನ್ನಾಗಿದೆಯಲ್ಲ ಎಂದು ಕೈ ಮುಗಿದೆ, ಆಮೇಲೆ ಬಚ್ಚಲಿಗೆ ಹೋಗಿ ಚೆನ್ನಾಗಿ ಅತ್ತೆ. ಅಷ್ಟು ಹತ್ತಿರ ಹೋಗಿದ್ದೆ. ಅವಳ ತಲೆ ನೇವರಿಸಲಿಲ್ಲ.

ಈಗ ಅವಳು ವಾರಕ್ಕೊಮ್ಮೆ ಇಡ್ಲಿಗೆ ರುಬ್ಬುತ್ತಾಳೆ. ಗ್ರೈಂಡರಿನ ಸದ್ದನ್ನು ಫೋನಿನಲ್ಲಿ ಕೇಳಿಸುತ್ತಾಳೆ. ಇಲ್ಲಿ ಮದುವೆಗಳು ಮತ್ತೆ ಒಂದೊಂದಾಗಿ ಶುರುವಾಗಿವೆ, ಟೆಂಪೊ ಅದೇ ಹಳೆಯ ಕ್ರಮದಲ್ಲೇ ತುಂಬುತ್ತೇವೆ. ವೀಣಾ ಈಗಲೂ ಆ ದಿನದ ಮಾತು ಬಂದರೆ, ಅಷ್ಟೊಂದು ಸಾಮಾನು ಹೇರಬಾರದಿತ್ತಮ್ಮ, ನಾವು ಸತ್ತೇ ಹೋಗ್ತಿದ್ವಿ ಎನ್ನುತ್ತಾಳೆ. ಹೌದಮ್ಮ ಎನ್ನುತ್ತೇನೆ. ಅವಳ ಮಾತು ನಿಜ, ಅದರಲ್ಲಿ ಜಗಳವಿಲ್ಲ.

ಆದರೆ ಆ ಫುಟ್‌ಪಾತು ನೆನಪಾದಾಗೆಲ್ಲ ನನಗೆ ಅನ್ನಿಸುವುದೇ ಬೇರೆ. ಇನ್ನೂ ಎರಡು ಮೂಟೆ ತಂದಿರಬೇಕಿತ್ತು.